ನನ್ನನ್ನು ಹೊತ್ತವರಿಗೆ, ನಿಜ ಹೇಳಿದವನಿಗೆ

ಮೊನ್ನೆ ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಿಂದ ಮನೆ ತನಕ ಊರುಗೋಲು ಇಲ್ಲದೆ ನಡೆದೆ. ಕಾಲು ಮುರಿದು ಹತ್ತು ತಿಂಗಳಾಗಿತ್ತು. ಮನೆಗೆ ಬಂದವನೇ ಇದನ್ನು ಬರೆಯಲು ಕೂತೆ.

ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಆಟೋಕ್ರಾಸ್‌ಗೆ (ಒಂದೊಂದೇ ಗಾಡಿ ಬಿಟ್ಟು ಟೈಮ್ ನೋಡುವ ರೇಸ್) ಆರು ವರ್ಷದಿಂದ ನಾನು ಮಾರ್ಷಲ್, ತಿರುವಿನಲ್ಲಿ ನಿಂತು ಬಾವುಟ ತೋರಿಸಿ ಗಾಡಿಗಳನ್ನು ಎಚ್ಚರಿಸುವವನು. ಸಂಬಳ ಇಲ್ಲ. ಒಂದು ಟೀ ಶರ್ಟು, ಮಧ್ಯಾಹ್ನದ ಊಟ, ಕೈಯಲ್ಲಿ ಹಳದಿ ಬಾವುಟ. ಪ್ರೀತಿಗೆ ಮಾಡುವ ಕೆಲಸ. ಕಳೆದ ಜನವರಿಯಲ್ಲಿ ಮೂರನೇ ತಿರುವಿನಲ್ಲಿ ಒಂದು ಜಿಪ್ಸಿ ಕೆಸರಿನಲ್ಲಿ ಹೂತಿತು. ತಳ್ಳಲು ಇಳಿದೆ. ನಾವು "ಕ್ಲಿಯರ್" ಅನ್ನುವ ತನಕ ಇನ್ನೊಂದು ಗಾಡಿ ಬಿಡುವ ಹಾಗಿಲ್ಲ, ಅದಕ್ಕೇ ಬೆನ್ನ ಹಿಂದೆ ನೋಡಲಿಲ್ಲ. ಗಾಡಿ ಬಂದೇಬಿಟ್ಟಿತು. ಬಲಗಾಲು ಎರಡು ಕಡೆ ಮುರಿಯಿತು.

ಸ್ಟ್ರೆಚರ್ ಇರಲಿಲ್ಲ. ಪಕ್ಕದ ತೋಟದ ಲೈನ್ ಮನೆಗಳ ಕೂಲಿ ಕೆಲಸದವರು ಕಾಫಿ ಕೊಯ್ಲಿನ ಟಾರ್ಪಾಲು ತಂದು ಹಾಸಿದರು. ನಾಲ್ಕು ಮೂಲೆ ಹಿಡಿದು ಗದ್ದೆ ಏರಿ ಮೇಲೆ ಹೊತ್ತರು. ಒಬ್ಬ ಅಕ್ಕ ನನ್ನ ಪಾದ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಜೊತೆಗೇ ನಡೆದರು. ಅವರ ಕೈ ತುಂಬ ಕಾಫಿ ಹಣ್ಣಿನ ಅಂಟು. ಅದು ಮಾತ್ರ ಚೆನ್ನಾಗಿ ನೆನಪಿದೆ. ಅಕ್ಕಾ, ಆ ದಿನದ ನಿಮ್ಮ ಕೂಲಿಯೂ ಹೋಯಿತು ಅಂತ ಆಮೇಲೆ ತಿಳಿಯಿತು.

ದೊಡ್ಡ ಪೆಟ್ಟು ಬಿದ್ದರೆ ಮೈಸೂರಿಗೇ ಓಡಬೇಕು, ಅದು ನಮ್ಮ ಕೊಡಗು ಜಿಲ್ಲೆಯ ಹಳೇ ಕಷ್ಟ. ತಿತಿಮತಿ, ಆನೆಚೌಕೂರು, ಹುಣಸೂರು ದಾಟಿಸಿದ ಪಿಕಪ್ ಡ್ರೈವರ್ ಅಣ್ಣ ಡೀಸೆಲ್ ದುಡ್ಡು ಕೂಡ ಮುಟ್ಟಲಿಲ್ಲ.

ಆದರೆ ನಾನು ಜಾಸ್ತಿ ಋಣಿಯಾಗಿರುವುದು ಒಬ್ಬ ಹುಡುಗನಿಗೆ. ಸ್ಟಾರ್ಟ್ ಲೈನಿನಲ್ಲಿ ಬಾವುಟ ಇಳಿಸಿ ಆ ಗಾಡಿ ಬಿಟ್ಟವನು ಅವನೇ. ರೇಸ್ ನಡೆಸಿದವರು ಮೊದಲು "ಮಾರ್ಷಲ್ ತಾನೇ ಟ್ರ್ಯಾಕಿಗೆ ಇಳಿದ" ಅಂದರು. ಇನ್ಶೂರೆನ್ಸ್ ಕೂಡ ಅಲ್ಲೇ ನಿಂತುಹೋಯಿತು. ಅವನು ಸುಮ್ನೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರೂ ಸೇರಿದ್ದ ಮೀಟಿಂಗಿನಲ್ಲಿ ಎದ್ದು ನಿಂತ. "ಮೂರು ತಿರುವಿಗೆ ಎರಡೇ ವಾಕಿಟಾಕಿ ಇತ್ತು. ಅಣ್ಣನ ಕಡೆಯಿಂದ ಕ್ಲಿಯರ್ ಬಂದಿರಲಿಲ್ಲ. ಲೇಟಾಗ್ತಿದೆ ಅಂತ ಹಿಂದಿನಿಂದ ಕೂಗಿದರು, ನಾನು ಬಿಟ್ಟೆ" ಅಂದ. ಅವನಿಗೆ ಇಪ್ಪತ್ತೊಂದು ವರ್ಷ. ಆ ಧೈರ್ಯ ಆ ವಯಸ್ಸಿನಲ್ಲಿ ನನಗೆ ಇರಲಿಲ್ಲ.

ಹಾಸಿಗೆಯಲ್ಲಿ ಬೇರೆ ಕೆಲಸ ಇಲ್ಲದೆ ಬೇರೆ ಕಡೆಯ ಮಾರ್ಷಲ್‌ಗಳ ಬಗ್ಗೆ ಓದಿದೆ. 2013ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಾರ್ಮುಲಾ ಒನ್ ರೇಸ್ ಮುಗಿದಿತ್ತು. ಕೆಟ್ಟು ನಿಂತ ಕಾರನ್ನು ಸಾಗಿಸುವಾಗ ಅಲ್ಲಿನ ಮಾರ್ಷಲ್ ಮಾರ್ಕ್ ರಾಬಿನ್ಸನ್ ಕೈಯಿಂದ ರೇಡಿಯೊ ಬಿತ್ತು. ಎತ್ತಿಕೊಳ್ಳಲು ಹೋಗಿ ಎಡವಿದರು, ಕ್ರೇನ್ ಗಾಡಿ ಮೇಲೆ ಹರಿದು ತೀರಿಕೊಂಡರು. ಚಾಲಕನಿಗೆ ಅವರು ಕಾಣಲೇ ಇಲ್ಲ. 1977ರಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ 19 ವರ್ಷದ ಹುಡುಗ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಟ್ರ್ಯಾಕ್ ದಾಟಿದ. ಏರು ಹತ್ತಿ ಬಂದ ಕಾರು ಬಡಿಯಿತು. ಅವನೂ ಹೋದ, ಆ ಕಾರಿನ ಚಾಲಕ ಟಾಮ್ ಪ್ರೈಸ್ ಕೂಡ ಹೋದರು. ಅಷ್ಟು ದೊಡ್ಡ ರೇಸಿನಲ್ಲೂ ಸಹಾಯಕ್ಕೆ ಓಡಿದವನನ್ನು ಬರುವ ಗಾಡಿ ನೋಡಿರಲಿಲ್ಲ. ಅವತ್ತು ನನ್ನ ಗದ್ದೆಯಲ್ಲೂ ಆಗಿದ್ದು ಅದೇ ಅಲ್ವಾ? ಇದನ್ನು ಹಣೆಬರಹ ಅಂತ ಬಿಟ್ಟುಬಿಡಲು ನನ್ನಿಂದ ಆಗಲಿಲ್ಲ.

ಹುಡುಗನ ಮಾತಿನ ಮೇಲೆ ನಡೆಸಿದವರು ತಪ್ಪನ್ನು ಬರೆದುಕೊಟ್ಟರು. ಇನ್ಶೂರೆನ್ಸ್ ಹಣ ಬಂತು. ಅವರಿಗೂ ಕೃತಜ್ಞತೆ ಹೇಳುತ್ತೇನೆ, ತಡವಾದರೂ ಬರೆದುಕೊಟ್ಟರು. ಗುದ್ದಿದ ಗಾಡಿಯ ಡ್ರೈವರ್ ಪ್ರತಿ ತಿಂಗಳು ಮನೆಗೆ ಬಂದು ಅವ್ವನ ಜೊತೆ ಕಾಫಿ ಕುಡಿದು ಹೋಗುತ್ತಾನೆ. ತಮ್ಮಾ, ಆ ತಿರುವಿನಲ್ಲಿ ಯಾರಿದ್ದರೂ ಅಷ್ಟೇ ಆಗುತ್ತಿತ್ತು. ಆ ಭಾರ ನೀನು ಇಳಿಸಿಬಿಡು.

ಹುತ್ತರಿ ಹಬ್ಬ ಕಳೆದು ಗದ್ದೆ ಕೊಯ್ದ ಮೇಲೆ ಮತ್ತೆ ರೇಸ್ ಇದೆ. ಈ ಸಲ ಪ್ರತಿ ತಿರುವಿಗೂ ಒಂದು ವಾಕಿಟಾಕಿ, ಎರಡು ಸ್ಟ್ರೆಚರ್, ಮಾರ್ಷಲ್ ನಿಲ್ಲಲು ತಿರುವಿನ ಒಳಬದಿಯಲ್ಲಿ ಮಣ್ಣಿನ ದಿಬ್ಬ. ನನಗಿನ್ನೂ ಓಡಲು ಬರುವುದಿಲ್ಲ, ಹಾಗಾಗಿ ಟೈಮ್ ಬರೆಯುವ ಮೇಜಿನಲ್ಲಿ ಕೂರುತ್ತೇನೆ. ಸ್ಟಾರ್ಟ್ ಲೈನಿಗೆ ಅದೇ ಹುಡುಗ ಬೇಕು ಅಂತ ಹೇಳಿದ್ದೇನೆ. ಅವನು ಒಪ್ಪಿದ್ದಾನೆ.