ನನ್ನ ಹೊಲಿಗೆ ಹರಿಯಲಿಲ್ಲ: ಸಾರಿಗೆ ಸಚಿವರಿಗೆ ಒಬ್ಬ ಕುಶನ್ ಕೆಲಸಗಾರನ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ ಸಾರ್. ನಾನು ತುಮಕೂರಿನವನು. 22 ವರ್ಷದಿಂದ ಕಾರುಗಳ ಕುಶನ್ ಕೆಲಸ ಮಾಡುತ್ತಿದ್ದೇನೆ. ಸೀಟ್ ಕವರ್, ಸ್ಟೇರಿಂಗ್ ಕವರ್, ಡೋರ್ ಪ್ಯಾಡ್, ಈಗೀಗ ಡ್ಯಾಶ್‌ಬೋರ್ಡಿಗೂ ಲೆದರ್. ಬಿ.ಎಚ್. ರಸ್ತೆಯಿಂದ ಒಳಗೆ ಹೋದರೆ ಒಂದು ಸಣ್ಣ ಮಳಿಗೆ, ಎರಡು ಮಷೀನು, ಇಬ್ಬರು ಹುಡುಗರು. ನನ್ನ ಹೊಲಿಗೆ ಗಟ್ಟಿ ಅಂತ ಊರಲ್ಲಿ ಹೆಸರಿದೆ. ಆ ಗಟ್ಟಿ ಹೊಲಿಗೆಯ ಬಗ್ಗೆಯೇ ಈ ಪತ್ರ.

ಎರಡು ವರ್ಷದ ಹಿಂದೆ ಗುಬ್ಬಿ ಕಡೆಯ ಒಬ್ಬ ಹುಡುಗ ಸೆಕೆಂಡ್ ಹ್ಯಾಂಡ್ ಕಾರು ತಂದ. ಒಳಗೆಲ್ಲ ಕೆಂಪು ಲೆದರ್ ಬೇಕು ಅಂದ. ಸೀಟು, ಸ್ಟೇರಿಂಗು, ಡ್ಯಾಶ್‌ಬೋರ್ಡು ಎಲ್ಲ. ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಅಂತ ಅಕ್ಷರ ಒತ್ತಿತ್ತು. ಅದರ ಸುತ್ತ ಸಣ್ಣ ಗೆರೆಯೂ ಕಾಣುತ್ತಿತ್ತು. ಗೆರೆ ಕಂಡರೆ ಫಿನಿಶಿಂಗ್ ಕೆಡುತ್ತದೆ ಅಂತ ಸೊಲ್ಯೂಷನ್ ಹಚ್ಚಿ, ತೆಳ್ಳಗೆ ಫೋಮ್ ಕೂರಿಸಿ, ಮೇಲೆ ಒಂದೇ ಪೀಸ್ ಲೆದರ್ ಎಳೆದೆ. ಅಂಚಿಗೆ ಎರಡು ಸಾಲು ನೈಲಾನ್ ದಾರ. ಹುಡುಗನಿಗೆ ಬಹಳ ಖುಷಿಯಾಯಿತು. ನನಗೂ ಆಗಿತ್ತು.

ಹತ್ತು ತಿಂಗಳಾದ ಮೇಲೆ ಆ ಕಾರು ನಮ್ಮ ಪಕ್ಕದ ಡೆಂಟಿಂಗ್ ಗ್ಯಾರೇಜಿಗೆ ಟೋಯಿಂಗ್ ಗಾಡಿಯಲ್ಲಿ ಬಂತು. ಡಿವೈಡರ್‌ಗೆ ಗುದ್ದಿತ್ತು. ಹುಡುಗನ ತಾಯಿ ಮುಂದಿನ ಸೀಟಿನಲ್ಲಿದ್ದರಂತೆ. ಸೀಟ್ ಬೆಲ್ಟ್ ಹಾಕಿದ್ದರು, ಪ್ರಾಣಕ್ಕೆ ಏನೂ ಆಗಲಿಲ್ಲ. ಆದರೆ ದವಡೆ ಮುರಿದು ಮುಖಕ್ಕೆ ಹೊಲಿಗೆ ಬಿದ್ದಿತ್ತು. ನಾನು ಹೋಗಿ ಕಾರಿನೊಳಗೆ ನೋಡಿದೆ. ಏರ್‌ಬ್ಯಾಗ್ ನೇರವಾಗಿ ಬಂದಿರಲಿಲ್ಲ. ಕಿಟಕಿ ಕಡೆಯ ಮೂಲೆಯಲ್ಲಿ ಅಂಟು ಬಿಟ್ಟುಕೊಂಡಿತ್ತು, ಅಲ್ಲಿಂದ ಸೊಟ್ಟಗೆ ನುಗ್ಗಿ ಹೊರಗೆ ಬಿದ್ದಿತ್ತು. ಲೆದರ್ ಹಾಗೇ ಇತ್ತು. ನನ್ನ ದಾರದ ಒಂದು ಎಳೆಯೂ ಹರಿದಿರಲಿಲ್ಲ.

ಆ ಗಾಯಕ್ಕೆ ನಾನೇ ಕಾರಣ ಅಂತ ಯಾರೂ ಹೇಳಲಿಲ್ಲ ಸಾರ್. ಆ ಹುಡುಗನೂ ಹೇಳಲಿಲ್ಲ, ಗ್ಯಾರೇಜಿನವರೂ ಹೇಳಲಿಲ್ಲ. ಆವತ್ತಿನಿಂದ ನಾನು ಈ ವಿಷಯ ಗೊತ್ತಿರುವವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಸರ್ವಿಸ್ ಸೆಂಟರಿನ ಟೆಕ್ನಿಷಿಯನ್‌ಗಳನ್ನು ಕೇಳಿದೆ, ಕಾರಿನ ಜೊತೆ ಕೊಡುವ ಪುಸ್ತಕಗಳನ್ನು ಓದಿಸಿಕೊಂಡೆ. 22 ವರ್ಷ ಕೆಲಸ ಮಾಡಿದವನಿಗೆ ಗೊತ್ತಿರಬೇಕಾದದ್ದನ್ನು ಆಮೇಲೆ ಕಲಿತೆ.

ಕಾರು ಜೋರಾಗಿ ಗುದ್ದಿದಾಗ ಸೆನ್ಸರ್ ಹೇಳಿದ ಕೂಡಲೇ ಏರ್‌ಬ್ಯಾಗ್ ಒಳಗಿನ ರಾಸಾಯನಿಕ ಉರಿದು ಗ್ಯಾಸ್ ಆಗುತ್ತದೆ. ಒಂದು ಸೆಕೆಂಡನ್ನು 20 ಭಾಗ ಮಾಡಿದರೆ ಒಂದು ಭಾಗಕ್ಕಿಂತ ಕಡಿಮೆ ಹೊತ್ತಲ್ಲಿ ಬ್ಯಾಗು ಪೂರ್ತಿ ಊದಿಕೊಳ್ಳುತ್ತದೆ. ಕಣ್ಣು ಮಿಟುಕಿಸುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಬ್ಯಾಗು ಹೊರಬರುವ ವೇಗ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಇಷ್ಟೆಲ್ಲ ಲೆಕ್ಕ ನಿಂತಿರುವುದು ಬ್ಯಾಗನ್ನು ಮುಚ್ಚಿರುವ ಮುಚ್ಚಳದ ಮೇಲೆ. ಅದು ಇಲ್ಲೇ ಒಡೆಯಬೇಕು, ಹೀಗೇ ತೆರೆಯಬೇಕು ಅಂತ ಕಂಪನಿಯವರು ಮೊದಲೇ ತೀರ್ಮಾನ ಮಾಡಿರುತ್ತಾರೆ.

ಗುಜರಿಯಿಂದ ಒಂದು ಹಳೇ ಸ್ಟೇರಿಂಗ್ ಮುಚ್ಚಳ ತಂದು ಅಂಗಡಿಯಲ್ಲಿ ಇಟ್ಟುಕೊಂಡಿದ್ದೇನೆ. ಹೊರಗಿಂದ ನೋಡಿದರೆ ನುಣ್ಣಗಿನ ಪ್ಲಾಸ್ಟಿಕ್, ಏನೂ ಕಾಣುವುದಿಲ್ಲ. ತಿರುಗಿಸಿ ಉಗುರಿನಲ್ಲಿ ಸವರಿದರೆ ಒಂದು ಸಣ್ಣ ಕಾಲುವೆ ಸಿಗುತ್ತದೆ. ಚಾಕುವಿನಲ್ಲಿ ಅರ್ಧ ಗೀರಿ ಬಿಟ್ಟ ಹಾಗೆ. ಅಲ್ಲಿ ಪ್ಲಾಸ್ಟಿಕ್ ಕಾಗದದಷ್ಟು ತೆಳ್ಳಗಿದೆ. ಬೆಳಕಿಗೆ ಹಿಡಿದರೆ ಗೆರೆ ತಿಳಿಯಾಗಿ ಕಾಣುತ್ತದೆ. ಅದರ ಮೇಲೆ ನಾವು ಲೆದರ್ ಎಳೆಯುತ್ತೇವೆ, ಪೇಂಟ್ ಹೊಡೆಯುತ್ತೇವೆ, ಕಾರ್ಬನ್ ಫೈಬರ್ ಸ್ಟಿಕ್ಕರ್ ಅಂಟಿಸುತ್ತೇವೆ. ತೆಳ್ಳಗಿರಲಿ ಅಂತಲೇ ತೆಳ್ಳಗೆ ಮಾಡಿದ್ದನ್ನು ದಪ್ಪ ಮಾಡಿಬಿಡುತ್ತೇವೆ.

ಸೀಟಿನದೂ ಇದೇ ಕಥೆ. ಈಗ ತುಂಬಾ ಕಾರುಗಳಲ್ಲಿ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತದೆ. ಬಾಗಿಲಿಗೂ ಮೈಗೂ ನಡುವೆ ಇರುವುದು ಒಂದು ಗೇಣು ಜಾಗ. ಹಾಗಾಗಿ ಅದು ಮುಂದಿನದಕ್ಕಿಂತ ಬೇಗ ಬರಬೇಕು. ಅಂಥ ಸೀಟಿಗೆ ಮಾಡುವ ಕವರಿಗೆ ಪಕ್ಕದ ಹೊಲಿಗೆಯಲ್ಲಿ ಬೇಗ ಹರಿಯುವ ಬೇರೆ ದಾರವೇ ಬೇಕು. ನಮ್ಮಂಥ ಅಂಗಡಿಗಳಲ್ಲಿ ಇರುವುದು ಒಂದೇ ದಾರ. ಗಿರಾಕಿ ಬಂದು "ಹರಿಯಬಾರದು ನೋಡಿ" ಅಂತಾನೆ. ನಾವು ಎರಡು ಸಾಲು ಹಾಕಿ ಕಳಿಸುತ್ತೇವೆ.

ಇನ್ನು ಸ್ಟೇರಿಂಗ್ ನಡುವೆ ಅಂಟಿಸುವ ಹೊಳೆಯುವ ಕಲ್ಲಿನ ಲೋಗೋ. ಬೆಂಗಳೂರಿನ ಜೆ.ಸಿ. ರಸ್ತೆಗೆ ಮೆಟೀರಿಯಲ್ ತರಲು ಹೋದಾಗಲೆಲ್ಲ ನೋಡುತ್ತೇನೆ, ಆನ್‌ಲೈನಿನಲ್ಲೂ ಬೇಕಾದಷ್ಟಿವೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2024ರಲ್ಲಿ ಇಂಥದ್ದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಅಲ್ಲಿ ಅಪಘಾತವೊಂದರಲ್ಲಿ ಕಲ್ಲು ಕೂರಿಸಿದ ಲೋಗೋ ಕಿತ್ತು ಬಂದು ಡ್ರೈವರ್‌ಗೆ ಒಂದು ಕಣ್ಣೇ ಹೋಯಿತು. ತಕಾತ ಕಂಪನಿಯ ಏರ್‌ಬ್ಯಾಗ್ ವಿಷಯ ನಿಮಗೆ ಗೊತ್ತೇ ಇರುತ್ತದೆ. ಗ್ಯಾಸ್ ಹುಟ್ಟಿಸುವ ಡಬ್ಬಿ ಒಡೆದು ಲೋಹದ ಚೂರು ಎದೆಗೆ, ಕುತ್ತಿಗೆಗೆ ಹೊಕ್ಕು ಅಮೆರಿಕದಲ್ಲೇ 25ಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲೂ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿ ಆ ಭಾಗ ಬದಲಾಯಿಸಿದರು. ಅದು ಫ್ಯಾಕ್ಟರಿಯ ತಪ್ಪು, ಕಂಪನಿ ಹೊಣೆ ಹೊತ್ತಿತು. ಅಂಥದ್ದೇ ಚೂರನ್ನು ನಾವು ಇನ್ನೂರು ಮುನ್ನೂರು ರೂಪಾಯಿಗೆ ಕೊಂಡು ಎದೆಯ ಎದುರಿಗೆ ಅಂಟಿಸಿಕೊಂಡರೆ ಯಾರು ಹೊಣೆ?

ಒಂದು ಮಾತು ಹೇಳಲು ಹಿಂಜರಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹೊಸ ಕಾರಿಗೆ ಪೂಜೆ ಮಾಡಿಸಿದ ಮೇಲೆ ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಹಿತ್ತಾಳೆ ಗಣಪತಿ ಕೂರಿಸುತ್ತೇವೆ. ಸರಿಯಾಗಿ ಏರ್‌ಬ್ಯಾಗ್ ಮುಚ್ಚಳದ ಮೇಲೆ, ಡಬಲ್ ಟೇಪ್ ಹಾಕಿ. ನನ್ನ ಸ್ವಂತ ಕಾರಿನಲ್ಲೂ ಹಾಗೇ ಇತ್ತು. ಹೆಂಡತಿಗೆ ಬಿಡಿಸಿ ಹೇಳಿದ ಮೇಲೆ ತೆಗೆದು ಮನೆಯ ದೇವರ ಕೋಣೆಯಲ್ಲಿ ಇಟ್ಟೆವು. ಈಗ ಕಾರಿನಲ್ಲಿ ಒಂದು ಸಣ್ಣ ಪಟ ಇದೆ, ಏರ್‌ಬ್ಯಾಗ್ ಇಲ್ಲದ ಜಾಗದಲ್ಲಿ.

ಸರ್ಕಾರ ಏರ್‌ಬ್ಯಾಗ್ ಕಡ್ಡಾಯ ಮಾಡಿತು. ಒಳ್ಳೆಯದೇ ಆಯಿತು. 2019ರ ಜುಲೈ 1ರಿಂದ ಡ್ರೈವರ್ ಕಡೆಗೆ, 2022ರ ಹೊತ್ತಿಗೆ ಪಕ್ಕದ ಸೀಟಿಗೂ ಬಂತು. ಜನ ಅದಕ್ಕೆ ದುಡ್ಡು ಕೊಟ್ಟೇ ಕಾರು ಕೊಳ್ಳುತ್ತಿದ್ದಾರೆ. ಶೋರೂಮಿನಿಂದ ಹೊರಬಂದ ಕಾರು ಸೀದಾ ನಮ್ಮ ಅಂಗಡಿಗೆ ಬರುತ್ತದೆ. ಕೆಲವು ಸಲ ಶೋರೂಮಿನವರೇ ಕಳಿಸುತ್ತಾರೆ. ಅಲ್ಲಿಂದ ಮುಂದೆ ನೋಡುವವರು ಯಾರೂ ಇಲ್ಲ.

ಕಾನೂನು ಇಲ್ಲ ಅಂತಲ್ಲ. ಗಾಡಿ ಆಲ್ಟರ್ ಮಾಡುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರಲ್ಲಿ ಸೇರಿಸಿದ 182ಎ ಪ್ರಕಾರ ಅನುಮತಿ ಇಲ್ಲದೆ ಗಾಡಿ ಆಲ್ಟರ್ ಮಾಡಿದ ಮಾಲೀಕನಿಗೆ ಒಂದೊಂದು ಆಲ್ಟರೇಷನ್‌ಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಏರ್‌ಬ್ಯಾಗ್ ಮೇಲೆ ಲೆದರ್ ಎಳೆಯುವುದು ಆಲ್ಟರೇಷನ್ ಹೌದಾ ಅಲ್ವಾ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊಲಿಯುವ ನಮಗಂತೂ ಇಷ್ಟು ವರ್ಷದಲ್ಲಿ ಯಾರೂ ಬಂದು ಒಂದು ಮಾತು ಹೇಳಿಲ್ಲ.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆ ಇದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಇಲಾಖೆ ಬುಲ್ ಬಾರ್, ಅಂದರೆ ಕಾರಿನ ಮುಂದೆ ಕೂರಿಸುವ ಲೋಹದ ಗಾರ್ಡ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. ಆಮೇಲೆ ಆರ್‌ಟಿಒದವರು ರಸ್ತೆಯಲ್ಲೇ ನಿಂತು ಬಿಚ್ಚಿಸಿದರು. ಸೀಟ್ ಬೆಲ್ಟ್ ಅಲಾರಾಂ ಬಾಯಿ ಮುಚ್ಚಿಸುವ ಕ್ಲಿಪ್ ನೆನಪಿದೆಯಲ್ವಾ? 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 5 ಆನ್‌ಲೈನ್ ಕಂಪನಿಗಳಿಗೆ ಆದೇಶ ಕೊಟ್ಟಿತು, 13,118 ಕಡೆ ಮಾರಾಟಕ್ಕೆ ಹಾಕಿದ್ದ ಆ ಕ್ಲಿಪ್‌ಗಳನ್ನು ತೆಗೆಸಲಾಯಿತು.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಒಂದು ಸುತ್ತೋಲೆ ಹೊರಡಿಸಿ ಸಾರ್, ಕನ್ನಡದಲ್ಲಿ, ಒಂದೇ ಪುಟ. ಏರ್‌ಬ್ಯಾಗ್ ಅಂತ ಬರೆದ ಜಾಗಕ್ಕೆ ಹೊಲಿಗೆ, ಅಂಟು, ಪೇಂಟ್, ಸ್ಟಿಕ್ಕರ್, ಲೋಗೋ ಏನೂ ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಜೊತೆಗೆ ಆ ಮುಚ್ಚಳದ ಹಿಂಬದಿಯ ಫೋಟೋ ಹಾಕಿ. ನಮ್ಮಲ್ಲಿ ಓದಲು ಕಷ್ಟಪಡುವ ಹುಡುಗರು ಜಾಸ್ತಿ, ಫೋಟೋ ನೋಡಿದರೆ ಅವರಿಗೆ ಅರ್ಥವಾಗುತ್ತದೆ. ಹಳದಿ ಬೋರ್ಡ್ ಕಾರುಗಳು ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ ಬಂದಾಗ ಬ್ರೇಕು, ಲೈಟು ನೋಡುವ ಹಾಗೆ ಇದನ್ನೂ ನೋಡಲಿ. ಸೆಕೆಂಡ್ ಹ್ಯಾಂಡ್ ಕಾರುಗಳ ಮೇಲಂತೂ ಇನ್ನೂ ಜಾಸ್ತಿ ಕಣ್ಣಿಡಬೇಕು. ಅಪಘಾತದಲ್ಲಿ ಬ್ಯಾಗ್ ಹೋದ ಮೇಲೆ ಒಳಗೆ ಬ್ಯಾಗೇ ಇಲ್ಲದೆ ಬರೀ ಮುಚ್ಚಳ ಕೂರಿಸಿ, ಎಚ್ಚರಿಕೆ ದೀಪ ಹತ್ತದ ಹಾಗೆ ಒಂದು ಸಣ್ಣ ರೆಸಿಸ್ಟರ್ ಹಾಕಿ ಮಾರುವವರಿದ್ದಾರೆ. ಕೊಂಡವನಿಗೆ ಅದು ಗೊತ್ತಾಗುವುದು ಗುದ್ದಿದ ದಿನ. ಕಲ್ಲಿನ ಲೋಗೋಗಳನ್ನು ಆನ್‌ಲೈನಿನಿಂದ ತೆಗೆಸಲು ನೀವು ಕೇಂದ್ರಕ್ಕೆ ಬರೆಯಬೇಕು.

ಮೊದಲ ದಿನವೇ ದಂಡ ಹಾಕಬೇಡಿ ಅಂತಲೂ ಕೇಳುತ್ತೇನೆ. ನಮ್ಮ ಕಸುಬಿನವರು ಕೆಟ್ಟವರಲ್ಲ. ಗೊತ್ತಿಲ್ಲದೆ ಮಾಡುತ್ತಿದ್ದಾರೆ. ಮೊದಲು ಪ್ರತಿ ಆರ್‌ಟಿಒ ಕಚೇರಿಯಲ್ಲೂ ಒಂದು ದಿನ ಕರೆದು ತೋರಿಸಲಿ, ಕಂಪನಿಗಳ ಟೆಕ್ನಿಷಿಯನ್ ಒಬ್ಬರು ಬಂದು ಹೇಳಲಿ. ಏರ್‌ಬ್ಯಾಗ್ ಬಿಟ್ಟು ಉಳಿದ ಕೆಲಸ ಹೇಗೆ ಮಾಡಬೇಕು, ಪಕ್ಕದ ಏರ್‌ಬ್ಯಾಗ್ ಇರುವ ಸೀಟಿಗೆ ಯಾವ ದಾರ, ಅದು ಎಲ್ಲಿ ಸಿಗುತ್ತದೆ, ಇಷ್ಟು ಕಲಿಸಿದರೆ ಸಾಕು. ಅಷ್ಟಾದ ಮೇಲೂ ಮಾಡಿದವರಿಗೆ ಹಾಕಿ ದಂಡ.

ನಾನು ಈಗ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ತಿಂಗಳಿಗೆ ಮೂರೋ ನಾಲ್ಕೋ ಗಿರಾಕಿ ವಾಪಸ್ ಹೋಗುತ್ತಾರೆ. ಎರಡು ಬೀದಿ ಆಚೆ ಮಾಡಿಸಿಕೊಂಡು ಬಂದು ನನಗೇ ತೋರಿಸಿದವರೂ ಇದ್ದಾರೆ. ನಾನೊಬ್ಬ ಬಿಟ್ಟರೆ ನಿಲ್ಲುವ ಕೆಲಸ ಇದಲ್ಲ ಸಾರ್, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಆಯುಧಪೂಜೆ ಹತ್ತಿರ ಬರುತ್ತಿದೆ. ಆ ಹದಿನೈದು ದಿನ ನಮಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ, ಅಷ್ಟು ಕಾರು ಬರುತ್ತವೆ. ಸುತ್ತೋಲೆ ಅದಕ್ಕೆ ಮೊದಲೇ ಬಂದರೆ ತುಂಬಾ ಉಪಕಾರವಾಗುತ್ತದೆ.

ತುಮಕೂರಿನ ಆರ್‌ಟಿಒ ಕಚೇರಿಯಲ್ಲಿ ತರಬೇತಿ ಇಟ್ಟರೆ ನಾನು ಅಂಗಡಿ ಮುಚ್ಚಿ ಬರುತ್ತೇನೆ. ಆ ಸ್ಟೇರಿಂಗ್ ಮುಚ್ಚಳವನ್ನೂ ತರುತ್ತೇನೆ. ಗ್ಯಾರೇಜಿನವರನ್ನು ಕೇಳಿ ಎತ್ತಿಟ್ಟುಕೊಂಡಿರುವ ಆ ಕೆಂಪು ಲೆದರ್ ತುಂಡನ್ನೂ ತರುತ್ತೇನೆ. ಎರಡು ಸಾಲು ಹೊಲಿಗೆ ಇನ್ನೂ ಹಾಗೇ ಇದೆ.

ಇಂತಿ,
ಒಬ್ಬ ಕುಶನ್ ಕೆಲಸಗಾರ
ತುಮಕೂರು