ಹಂಗೇರಿಯ ಸೆಗೆಡ್‌ನಲ್ಲಿರುವ ಪುಟ್ಟಿಗೆ

ಮೈಸೂರು
ಜನವರಿ 2025

ಪ್ರೀತಿಯ ಪುಟ್ಟಿ,

ಚಳಿ, ಊಟ, ಹೊಸ ರೂಮು ಎಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಾಳೆ, ಅದು ಬಿಡು. ಪತ್ರದ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಹೊಸ ಪ್ರಾಜೆಕ್ಟಿನಿಂದ ನಮ್ಮ ಲ್ಯಾಬನ್ನು ಕೈಬಿಟ್ಟರು, ಬ್ರಸೆಲ್ಸ್‌ಗಾಗಲಿ ಬುಡಾಪೆಸ್ಟ್‌ಗಾಗಲಿ ನಾವು ನೆನಪಿದ್ದೇವಾ ದೊಡ್ಡಮ್ಮಾ?" ಅಂತ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಎಲ್ಲ ಸರಿಹೋಗುತ್ತೆ ಅಂತ ಸುಮ್ನೆ ಬರೆಯಲು ಮನಸ್ಸು ಬರುತ್ತಿಲ್ಲ. ನಿನ್ನ ಭಯಕ್ಕೆ ಕಾರಣ ಇದೆ. ಬುಡಾಪೆಸ್ಟ್‌ನ ಹಂಗೇರಿ ಸರ್ಕಾರಕ್ಕೂ ಬ್ರಸೆಲ್ಸ್‌ನ ಯುರೋಪಿಯನ್ ಯೂನಿಯನ್ನಿಗೂ ನಡೆಯುತ್ತಿರುವ ಜಗಳ ಇದು. 2022ರ ಡಿಸೆಂಬರ್‌ನಲ್ಲಿ ಏನಾಯಿತು ನೋಡು. ಯೂನಿಯನ್ ಉಕ್ರೇನಿಗೆ ಕೊಡಬೇಕಿದ್ದ 1,800 ಕೋಟಿ ಯೂರೋ ನೆರವಿಗೆ ಹಂಗೇರಿ ಅಡ್ಡಗಾಲು ಹಾಕಿತ್ತು. ದೊಡ್ಡ ಕಂಪನಿಗಳ ಮೇಲಿನ ಶೇ. 15ರ ಕನಿಷ್ಠ ತೆರಿಗೆಗೂ ಅಷ್ಟೇ. ತೆರಿಗೆ ವಿಷಯಕ್ಕೆ ಯೂನಿಯನ್ನಿನ 27 ದೇಶಗಳೂ ಹೂಂ ಅನ್ನಬೇಕು, ಒಂದು ದೇಶ ಬೇಡ ಅಂದರೂ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಆ ಕಡೆ ಯೂನಿಯನ್ನಿನ ಆಡಳಿತ ನೋಡಿಕೊಳ್ಳುವ ಕಮಿಷನ್, ಕಾನೂನಿನ ಆಡಳಿತ ಸರಿಯಿಲ್ಲ ಅಂತ ಹಂಗೇರಿಗೆ ಹೋಗಬೇಕಿದ್ದ 750 ಕೋಟಿ ಯೂರೋ ತಡೆಹಿಡಿಯೋಣ ಅಂದಿತ್ತು. ಚೌಕಾಸಿ ಆಯಿತು. 750 ಹೋಗಿ 630 ಆಯಿತು, ಹಂಗೇರಿಯೂ ಅಡ್ಡಗಾಲು ತೆಗೆಯಿತು. ಆದರೆ ಅದೇ ತೀರ್ಮಾನದಲ್ಲಿ ಇನ್ನೊಂದು ಸಾಲು ಇತ್ತು, ಹಂಗೇರಿ ಸರ್ಕಾರ ಟ್ರಸ್ಟ್‌ಗಳ ಕೈಗೆ ಕೊಟ್ಟ ಯೂನಿವರ್ಸಿಟಿಗಳ ಜೊತೆ ಯೂನಿಯನ್ ಹಣದ ಹೊಸ ಒಪ್ಪಂದ ಮಾಡಿಕೊಳ್ಳಬಾರದು ಅಂತ. ವಿದ್ಯಾರ್ಥಿಗಳ ವಿನಿಮಯದ ಎರಾಸ್ಮಸ್, ಸಂಶೋಧನೆಗೆ ಹಣ ಕೊಡುವ ಹೊರೈಜನ್ ಎರಡೂ ಅದರಲ್ಲಿ ಬಂದವು. 21 ಯೂನಿವರ್ಸಿಟಿಗಳು ಸಿಕ್ಕಿಕೊಂಡವು, ನಿನ್ನದೂ ಸೇರಿ. ಅವುಗಳ ಪರವಾಗಿ ಚೌಕಾಸಿ ಮಾಡುವವರು ಯಾರೂ ಇರಲಿಲ್ಲ.

ಮುಂದಿನ ವರ್ಷವೂ ಅದೇ ಕಥೆ. 2023ರ ಡಿಸೆಂಬರ್ 13ಕ್ಕೆ ಕಮಿಷನ್ ಹಂಗೇರಿಯ ಸುಮಾರು 1,020 ಕೋಟಿ ಯೂರೋಗೆ ದಾರಿ ಬಿಟ್ಟಿತು. ಮಾರನೇ ದಿನ ಉಕ್ರೇನನ್ನು ಯೂನಿಯನ್ನಿಗೆ ಸೇರಿಸುವ ಮಾತುಕತೆಯ ವಿಷಯ ಬಂದಾಗ ಹಂಗೇರಿಯ ಪ್ರಧಾನಿ ಓರ್ಬಾನ್ ಸಭೆಯಿಂದ ಎದ್ದು ಹೊರಗೆ ಹೋದರು, ಉಳಿದ 26 ಜನ ತೀರ್ಮಾನ ಮಾಡಿದರು. ಎರಡಕ್ಕೂ ಸಂಬಂಧ ಇಲ್ಲ ಅಂದರು. ಇರಲಿ. ಯೂನಿವರ್ಸಿಟಿಗಳ ಪಟ್ಟಿ ಮಾತ್ರ ಹಾಗೇ ಉಳಿಯಿತು. ಮೊನ್ನೆ ಡಿಸೆಂಬರ್‌ನಲ್ಲೂ ಹಂಗೇರಿ ಮಾಡಿದ ತಿದ್ದುಪಡಿ ಸಾಲದು ಅಂತ ಕಮಿಷನ್ ಹೇಳಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ನಿನ್ನ ಸಾಲು ಓದಿ ಮೊದಲು ಹೊಳೆದದ್ದು ಅದೇ. ಆದರೂ ಅವರು ನಿಮ್ಮನ್ನು ಮರೆತರು ಅಂತ ನನಗೆ ಅನ್ನಿಸುವುದಿಲ್ಲ. ಬ್ರಸೆಲ್ಸ್‌ನ ಕೈ ಎಟುಕುವುದು ಇಷ್ಟೇ ದೂರ. ನಮ್ಮಲ್ಲಿ 1989ರಲ್ಲಿ ಬೊಮ್ಮಾಯಿ ಸರ್ಕಾರವನ್ನು ದೆಹಲಿಯವರು ವಜಾ ಮಾಡಿದರು, ಅದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1994 ಬಂದಿತ್ತು. ಬ್ರಸೆಲ್ಸ್‌ಗೆ ಅಂಥ ಅಧಿಕಾರವೇ ಇಲ್ಲ. ರಾಜ್ಯಪಾಲರಿಲ್ಲ, ಪೊಲೀಸರಿಲ್ಲ, ಒಂದು ದೇಶವನ್ನು ಹೊರಗೆ ಹಾಕುವ ದಾರಿಯೂ ಇಲ್ಲ. ಮತದ ಹಕ್ಕು ಕಿತ್ತುಕೊಳ್ಳಬೇಕಾದರೆ ತಪ್ಪು ನಡೆದಿದೆ ಅಂತ ಉಳಿದ ದೇಶಗಳೆಲ್ಲ ಮೊದಲು ಒಪ್ಪಬೇಕು. ಹಂಗೇರಿ ಮೇಲೆ ಆ ಪ್ರಕ್ರಿಯೆಯನ್ನು ಯುರೋಪಿಯನ್ ಪಾರ್ಲಿಮೆಂಟು 2018ರಲ್ಲೇ ಶುರು ಮಾಡಿತು, ಇನ್ನೂ ಕುಂಟುತ್ತಿದೆ. ಉಳಿದದ್ದು ಹಣ ಒಂದೇ. ಅದಕ್ಕೇ 2021ರಿಂದ ಹೊಸ ಕಾನೂನು ತಂದು, ಯೂನಿಯನ್ ಹಣಕ್ಕೆ ಅಪಾಯ ಆಗುವಂತೆ ಕಾನೂನಿನ ಆಡಳಿತ ಕೆಟ್ಟರೆ ಹಣ ತಡೆಯುತ್ತೇವೆ ಅಂದರು. ಹಂಗೇರಿ, ಪೋಲೆಂಡ್ ಎರಡೂ ಯೂನಿಯನ್ನಿನ ಕೋರ್ಟಿಗೆ ಹೋಗಿ 2022ರ ಫೆಬ್ರವರಿಯಲ್ಲಿ ಸೋತವು. ಹಣ ಒಂದೇ ಆಯುಧ ಆದಾಗ ಏಟು ಬೀಳುವುದು ಆ ಹಣ ತೆಗೆದುಕೊಳ್ಳುವವರ ಮೇಲೆ. ಸ್ವಿಟ್ಜರ್ಲೆಂಡ್ ಯೂನಿಯನ್ನಿನಲ್ಲಿ ಇಲ್ಲವೇ ಇಲ್ಲ, ಆದರೂ 2014ರಲ್ಲಿ ಅಲ್ಲಿನ ಜನ ವಲಸೆಗೆ ಮಿತಿ ಹಾಕಲು ಮತ ಕೊಟ್ಟ ಮೇಲೆ ಎರಾಸ್ಮಸ್‌ನಿಂದ ಹೊರಗೆ ಬಿದ್ದವರು ಅಲ್ಲಿನ ವಿದ್ಯಾರ್ಥಿಗಳೇ.

ಬ್ರಸೆಲ್ಸ್‌ನ ದೂರಿನಲ್ಲಿ ನ್ಯಾಯ ಇದೆ ಅಂತಲೇ ನಾನು ಹೇಳುತ್ತೇನೆ. ಅಧಿಕಾರದಲ್ಲಿರುವ ಮಂತ್ರಿಗಳೇ ಯೂನಿವರ್ಸಿಟಿ ನಡೆಸುವ ಟ್ರಸ್ಟಿನಲ್ಲಿ ಕೂರುವುದು ಯಾವ ಊರಲ್ಲೂ ಸರಿಯಲ್ಲ. ಆದರೆ ಆ ಟ್ರಸ್ಟಿಗಳನ್ನು ನೇಮಿಸಿದ್ದು ನೀನಲ್ಲ, ನಿನ್ನ ಗೈಡೂ ಅಲ್ಲ. ಅದು ನನಗೆ ನುಂಗಲಾರದ ತುತ್ತು.

ನಿಮ್ಮಮ್ಮನಿಗೂ ಪೂರ್ತಿ ಹೇಳದ ವಿಷಯ ಒಂದಿದೆ. ನನ್ನ ಫೆಲೋಶಿಪ್ಪಿನ ಹಣ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಇವರು ಅವರ ಪಾಲು ಬರಲಿ ಅನ್ನುತ್ತಿದ್ದರು, ಅವರು ಇವರ ಪತ್ರ ಬರಲಿ ಅನ್ನುತ್ತಿದ್ದರು. ಕಚೇರಿಗೆ ಹೋದರೆ ಗುಮಾಸ್ತರು ಫೈಲಿನ ದಾರ ಬಿಚ್ಚಿ, ಒಂದೊಂದೇ ಹಾಳೆ ಮಗುಚಿ, ಕೊನೆಯ ಟಿಪ್ಪಣಿ ಮೇಲೆ ಬೆರಳಿಟ್ಟು ತೋರಿಸಿ, ಮತ್ತೆ ದಾರ ಕಟ್ಟಿ ಪಕ್ಕಕ್ಕೆ ಇಡುತ್ತಿದ್ದರು. ಪಾಪ, ಅವರದೇನೂ ತಪ್ಪಿಲ್ಲ. ಅಷ್ಟರಲ್ಲಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಥೀಸಿಸ್ ಅರ್ಧಕ್ಕೆ ನಿಂತಿತು. ಟ್ರಂಕಿನಲ್ಲಿಟ್ಟ ನೋಟ್ಸಿಗೆ ಗೆದ್ದಲು ಹಿಡಿಯಿತು. ಹಣ ಹೋಗಿದ್ದಕ್ಕೆ ಈಗ ಬೇಜಾರಿಲ್ಲ ಪುಟ್ಟಿ. ಎರಡು ಕಚೇರಿಗಳ ಜಗಳ ಅದು, ಆದರೆ ನನ್ನ ಕೆಲಸಕ್ಕೇ ಬೆಲೆ ಇಲ್ಲ ಅಂದುಕೊಂಡು ಎಷ್ಟೋ ವರ್ಷ ಕುಗ್ಗಿಹೋದೆ. ನಿನ್ನ ಸಾಲಿನಲ್ಲಿ ಅದೇ ದನಿ ಕೇಳಿಸಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕ್ಲಾಸಿನಲ್ಲಿ ನಾನು ಇಟಲಿಯ ಕೋಸ್ತಾ ಕೇಸು ಹೇಳುತ್ತಿದ್ದೆ. ಮಿಲಾನಿನ ಒಬ್ಬ ವಕೀಲ 1,925 ಲಿರಾ ಕರೆಂಟ್ ಬಿಲ್ ಕಟ್ಟಲ್ಲ ಅಂತ ಕೂತ. ಆ ಬಿಲ್ಲಿನಿಂದಲೇ 1964ರಲ್ಲಿ, ಸದಸ್ಯ ದೇಶದ ಕಾನೂನಿಗಿಂತ ಒಕ್ಕೂಟದ ಕಾನೂನು ಮೇಲು ಅನ್ನುವ ತೀರ್ಪು ಬಂತು. ಒಕ್ಕೂಟಕ್ಕೂ ದೇಶಕ್ಕೂ ನಡುವೆ ಸಿಕ್ಕಿಕೊಂಡ ಸಾಮಾನ್ಯ ಮನುಷ್ಯನ ಮಾತಿಗೂ ಅಲ್ಲಿ ಜಾಗ ಇದೆ ಅಂತ ನೆನಪಿಸಲು ಹೇಳಿದೆ. ಪಟ್ಟಿಯಲ್ಲಿರುವ ಕೆಲವು ಯೂನಿವರ್ಸಿಟಿಗಳೂ ಲಕ್ಸೆಂಬರ್ಗ್‌ನಲ್ಲಿರುವ ಯೂನಿಯನ್ ಕೋರ್ಟಿಗೆ ಹೋಗಿವೆ. ಆದರೆ ಕೋರ್ಟಿನ ದಾರಿ ನಿಧಾನ, ನಿನ್ನ ಪಿಎಚ್‌ಡಿ ಅಷ್ಟು ದಿನ ಕಾಯಲ್ಲ ಅಲ್ವಾ.

ಹಾಗಾದರೆ ಏನು ಮಾಡೋಣ? ನನಗೆ ಅಲ್ಲಿನ ವ್ಯವಹಾರ ನಿನ್ನಷ್ಟು ಗೊತ್ತಿಲ್ಲ, ಜಾಸ್ತಿ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಆ ತೀರ್ಮಾನಕ್ಕೆ ಮೊದಲೇ ಸಹಿಯಾದ ಒಪ್ಪಂದಗಳು ನಡೆಯುತ್ತವೆ, ಹಾಗಾಗಿ ನಿನ್ನ ಸಂಬಳ ಯಾವ ಒಪ್ಪಂದದಿಂದ ಬರುತ್ತಿದೆ, ಅದರ ತಾರೀಖು ಏನು ಅಂತ ಗೈಡ್ ಹತ್ತಿರ ಬರವಣಿಗೆಯಲ್ಲೇ ಕೇಳು. ತಡೆ ಇರುವುದು ಯೂನಿವರ್ಸಿಟಿಗೆ, ನಿನಗಲ್ಲ. ಪಿಎಚ್‌ಡಿ ಮುಗಿದ ಮೇಲೆ ಬೇರೆ ದೇಶದ ಯೂನಿವರ್ಸಿಟಿ ಮೂಲಕ ಯೂನಿಯನ್ನಿನ ಮರಿ ಕ್ಯೂರಿ ಫೆಲೋಶಿಪ್ಪಿಗೆ ನೀನು ಅರ್ಜಿ ಹಾಕಬಹುದು, ಈಗಿನಿಂದಲೇ ಒಂದಿಬ್ಬರಿಗೆ ಬರೆದಿಡು. ಹಂಗೇರಿ ಸರ್ಕಾರ ಎರಾಸ್ಮಸ್ ಬದಲಿಗೆ ಪನ್ನೋನಿಯಾ ಅಂತ ತನ್ನದೇ ಸ್ಕಾಲರ್‌ಶಿಪ್ ಶುರು ಮಾಡಿದೆ, ನಿನಗೆ ಅನ್ವಯಿಸುತ್ತಾ ವಿಚಾರಿಸು, ತೆಗೆದುಕೊಂಡರೆ ಯಾರ ಪಕ್ಷವನ್ನೂ ವಹಿಸಿದ ಹಾಗೆ ಆಗುವುದಿಲ್ಲ.

ನೆನಪಿದ್ದೇವಾ ಅಂತ ಕೇಳಿದೆಯಲ್ಲ, ಪೋಲೆಂಡಿನದೂ ಹೇಳಿಬಿಡುತ್ತೇನೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಸರ್ಕಾರ ಬದಲಾಯಿತು, 2024ರ ಫೆಬ್ರವರಿಗೆ ಅಲ್ಲೂ ತಡೆಹಿಡಿದಿದ್ದ 13,700 ಕೋಟಿ ಯೂರೋವರೆಗಿನ ಹಣಕ್ಕೆ ದಾರಿ ತೆರೆಯಿತು. ಬೀಗ ತೆಗೆಯಲು ಮನಸ್ಸು ಬಂದರೆ ಎರಡೂವರೆ ತಿಂಗಳು ಸಾಕು. ಹಂಗೇರಿಯಲ್ಲಿ ಯಾವಾಗಲೋ ಗೊತ್ತಿಲ್ಲ, ಅದನ್ನು ನಂಬಿ ಕೂರಬೇಡ ಅಂತಲೂ ಹೇಳಬೇಕು.

ಇನ್ನೊಂದು, ನೀನು ಅಲ್ಲಿ ಇರಲು ಪರ್ಮಿಟ್ ಕೊಡುವುದು ಹಂಗೇರಿ, ಯೂನಿಯನ್ ಅಲ್ಲ. ಅದರ ತಾರೀಖು ಮುಗಿಯುವ ಮುಂಚೆಯೇ ಅರ್ಜಿ ಹಾಕು. ಲ್ಯಾಬಿನ ಡೇಟಾ ಒಂದು ಪ್ರತಿ, ಗೈಡ್ ಒಪ್ಪಿದರೆ, ನಿನ್ನ ಹತ್ತಿರವೂ ಇರಲಿ. ಗೈಡ್ ಏನಂದರು ಅಂತ ನನಗೇ ನೇರವಾಗಿ ಬರಿ, ನಿಮ್ಮಮ್ಮನ ಮೂಲಕ ಬೇಡ, ಅವಳು ಗಾಬರಿಯಾಗುತ್ತಾಳೆ.

ನಿನ್ನ
ದೊಡ್ಡಮ್ಮ