ಗುಲಗಂಜಿ ಮಕ್ಕಳ ಕೈಗೆ ಸಿಗದಿರಲಿ

ಸಂಪಾದಕರೇ,

ಆಟಿ ತಿಂಗಳ ಮಳೆಗೆ ನಮ್ಮ ಮನೆಯ ಚೆನ್ನೆಮಣೆ, ಅಂದರೆ ಗುಳಿಗಳಲ್ಲಿ ಕಾಳು ಹಾಕಿ ಆಡುವ ಮಣೆ, ಅಟ್ಟದಿಂದ ಇಳಿಯಿತು. ಆಟಕ್ಕೆ ಬಳಸುವ ಕೆಂಪು ಮಂಜೊಟ್ಟಿ ಕಾಳು ಕಡಿಮೆ ಬಿತ್ತು ಎಂದು ಐದು ವರ್ಷದ ಮೊಮ್ಮಗಳು ಬೇಸಿಗೆಯಲ್ಲಿ ಬೇಲಿಯಿಂದ ಆರಿಸಿಟ್ಟಿದ್ದ ಕೆಂಪು ಕಾಳು ತಂದಳು. ನೋಡಿದರೆ, ತುದಿಯಲ್ಲಿ ಕಪ್ಪು ಚುಕ್ಕೆ. ಗುಲಗಂಜಿ! ಒಂದು ಆಗಲೇ ಅವಳ ಬಾಯಲ್ಲಿತ್ತು. ಪುಣ್ಯಕ್ಕೆ ಕಚ್ಚಿರಲಿಲ್ಲ, ಉಗುಳಿಸಿದೆ. ನನ್ನ ಕೈ ನಡುಕ ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಗುಲಗಂಜಿಯ ಸಿಪ್ಪೆ ಗಟ್ಟಿ. ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತದೆ. ಆದರೆ ಅಗಿದರೆ, ಅಥವಾ ಸರಕ್ಕೆಂದು ತೂತು ಮಾಡಿದ ಕಾಳಾಗಿದ್ದರೆ, ಒಳಗಿನ ಅಬ್ರಿನ್ ಎಂಬ ವಿಷ ಜೀವಕ್ಕೇ ಅಪಾಯ. ವಾಂತಿ, ಭೇದಿ ಎಷ್ಟೋ ಗಂಟೆ ಬಿಟ್ಟು ಶುರುವಾಗಬಹುದು. ಮಗು ಆಡಿಕೊಂಡಿದೆಯಲ್ಲ ಅಂತ ಸುಮ್ನೆ ಕೂರಬಾರದು.

ಗುಲಗಂಜಿ ಒಂದೇ ಅಲ್ಲ. ಹಳದಿ ಕಣಗಿಲೆಯ ಹೂವನ್ನು ಪೂಜೆಗೆ ಕೊಯ್ಯುತ್ತೇವೆ, ಅದರ ಕಾಯಿ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಬಾಲ್ಕನಿಯಲ್ಲಿ ಅಂದಕ್ಕೆ ಇಡುವ ಡೈಫೆನ್‌ಬೇಕಿಯಾ ಗಿಡದ ಎಲೆ ಜಗಿದರೆ ನಾಯಿಮರಿಯ ನಾಲಿಗೆ ಊದಿಕೊಳ್ಳುತ್ತದೆ.

ನರ್ಸರಿಯವರು ಕುಂಡಕ್ಕೆ ಬೆಲೆ ಚೀಟಿ ಅಂಟಿಸುತ್ತಾರೆ, ಅಲ್ವಾ? ಇಂಥ ಗಿಡವಾದರೆ ಅದರಲ್ಲೇ ‘ತಿಂದರೆ ವಿಷ’ ಎಂದು ಕನ್ನಡದಲ್ಲಿ ಬರೆಯಲಿ. ಅಂಗನವಾಡಿ, ಶಾಲೆಗಳ ಬೇಲಿಯನ್ನು ಪಂಚಾಯತ್‌ನವರು ಮಳೆ ಮುಗಿದ ಮೇಲೆ ಒಮ್ಮೆ ನೋಡಲಿ.

ಮಗು ಏನಾದರೂ ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಯಿ ತೊಳೆಸಿ, ಆ ಕಾಯಿಯನ್ನೋ ಎಲೆಯನ್ನೋ ಕಟ್ಟಿಕೊಂಡು ಕೂಡಲೇ ಆಸ್ಪತ್ರೆಗೆ ಓಡಿ. ನಾಯಿ, ಬೆಕ್ಕಾದರೆ ಪಶುವೈದ್ಯರ ಹತ್ತಿರ.

– ಒಬ್ಬ ಅಜ್ಜಿ, ಉಡುಪಿ